ಕೊಡಗಿನ ತೋಟದ ಕಂಪನಿಗಳಲ್ಲಿ ಕೆಲಸ: ಒಳಗಿರುವವರಿಗೆ ಹಿಡಿಸಿದ್ದೇನು, ಹಿಡಿಸದ್ದೇನು?

ಕಾಫಿಹೂ, ಕುಶಾಲನಗರ

ಎಲ್ಲರಿಗೂ ನಮಸ್ಕಾರ. ಪೊನ್ನಂಪೇಟೆಯ ಅರಣ್ಯ ಮಹಾವಿದ್ಯಾಲಯದಲ್ಲಿ ಪದವಿ ಮುಗಿಸಿರುವ ನನಗೆ, ದಕ್ಷಿಣ ಕೊಡಗಿನಲ್ಲಿ ಹಲವು ಕಾಫಿ ತೋಟಗಳಿರುವ ಒಂದು ಕಂಪನಿಯಿಂದ ಸಹಾಯಕ ಫೀಲ್ಡ್ ಆಫೀಸರ್ ಹುದ್ದೆಯ ಪತ್ರ ಬಂದಿದೆ. ಸಂಬಳ ಸಾಧಾರಣವಾಗಿದೆ, ತೋಟದಲ್ಲೇ ಮನೆ, ನೀರು, ವಿದ್ಯುತ್, ಆಸ್ಪತ್ರೆ ಖರ್ಚು ಕಂಪನಿಯದು ಎಂದು ಬರೆದಿದ್ದಾರೆ. ಇದರ ಬದಲು ಬ್ಯಾಂಕ್ ಪರೀಕ್ಷೆಗೆ ಕುಳಿತುಕೊಳ್ಳಬೇಕು ಎಂಬುದು ಮನೆಯವರ ಅಭಿಪ್ರಾಯ. ಸಂದರ್ಶನದಲ್ಲಿ ಮಾತನಾಡಿದವರು ಎಲ್ಲವನ್ನೂ ಒಳ್ಳೆಯದಾಗಿಯೇ ಹೇಳಿದರು, ಅದು ಅವರ ಕೆಲಸ. ತೋಟದ ಕಂಪನಿಗಳಲ್ಲಿ ಯಾವುದೇ ಹಂತದಲ್ಲಿ ದುಡಿದವರು, ಈಗಲೂ ದುಡಿಯುತ್ತಿರುವವರು, ತಮಗೆ ಅಲ್ಲಿ ಏನು ಹಿಡಿಸಿತು, ಏನು ಹಿಡಿಸಲಿಲ್ಲ ಎಂಬುದನ್ನು ಬಿಚ್ಚಿ ಹೇಳಿದರೆ ನಿರ್ಧಾರ ಮಾಡುವುದಕ್ಕೆ ಉಪಕಾರವಾಗುತ್ತದೆ.

ನಿವೃತ್ತ ರೈಟರು, ಸುಂಟಿಕೊಪ್ಪ

ಕಂಪನಿ ತೋಟದ ಆಫೀಸಿನಲ್ಲಿ ಚೆಕ್‌ರೋಲ್ (ಕೆಲಸಗಾರರ ಹಾಜರಿ, ಕೂಲಿಯ ಪುಸ್ತಕ) ಬರೆಯುವ ಹುಡುಗನಾಗಿ ಸೇರಿ, ಹೆಡ್ ರೈಟರಾಗಿ, ಅಂದರೆ ಹಿರಿಯ ಗುಮಾಸ್ತನಾಗಿ ನಿವೃತ್ತನಾದವನು ನಾನು. ಹಿಡಿಸಿದ್ದನ್ನು ಮೊದಲು ಹೇಳುತ್ತೇನೆ, ಏಕೆಂದರೆ ಈಗಿನವರಿಗೆ ಅದರ ಬೆಲೆ ಅಷ್ಟಾಗಿ ತಿಳಿದಿರುವುದಿಲ್ಲ.

2000ದ ನಂತರದ ಎರಡು ಮೂರು ವರ್ಷ ಕಾಫಿ ಬೆಲೆ ನೆಲಕಚ್ಚಿದ್ದನ್ನು ಹಿರಿಯರು ಬಲ್ಲರು. ಬೆಳೆಗಾರರ ಕಾಫಿಯನ್ನು ಒಟ್ಟುಗೂಡಿಸಿ ಮಾರುತ್ತಿದ್ದ ಕಾಫಿ ಮಂಡಳಿಯ ಪೂಲ್ ವ್ಯವಸ್ಥೆ ತೊಂಬತ್ತರ ದಶಕದಲ್ಲಿ ಮುಗಿದು, ಬೆಳೆಗಾರರು ನೇರವಾಗಿ ಮಾರುಕಟ್ಟೆಯ ಏರಿಳಿತಕ್ಕೆ ಸಿಕ್ಕಿಕೊಂಡ ಮೇಲೆ ಬಂದ ಮೊದಲ ದೊಡ್ಡ ಹೊಡೆತ ಅದು. ನಮ್ಮ ಪಕ್ಕದ ಖಾಸಗಿ ತೋಟಗಳಲ್ಲಿ ರೈಟರಿಗೆ ತಿಂಗಳುಗಟ್ಟಲೆ ಸಂಬಳ ಬಾಕಿಯಿತ್ತು; ಮಾಲೀಕರೇ ಬ್ಯಾಂಕಿನ ನೋಟಿಸು ಹಿಡಿದುಕೊಂಡು ಓಡಾಡುತ್ತಿದ್ದ ಕಾಲದಲ್ಲಿ ಅವರನ್ನು ದೂರುವುದೂ ಕಷ್ಟವಾಗಿತ್ತು. ನಮಗೆ ಒಂದು ತಿಂಗಳೂ ಸಂಬಳ ತಪ್ಪಲಿಲ್ಲ, ಪಿಎಫ್ ಹಣ ಕಟ್ಟುವುದೂ ನಿಲ್ಲಲಿಲ್ಲ, ಬೋನಸ್ ಕಾನೂನಿನ ಕನಿಷ್ಠಕ್ಕೆ, ಅಂದರೆ ಶೇಕಡಾ 8.33ಕ್ಕೆ, ಇಳಿಯಿತಾದರೂ ಬಂದಿತು. ಮಕ್ಕಳ ಓದು ನಡೆದದ್ದು ಆ ಭರವಸೆಯ ಮೇಲೆ.

ಇನ್ನು ಹಿಡಿಸದ್ದು. ಮ್ಯಾನೇಜರುಗಳು ಕೆಲವು ವರ್ಷಗಳಿಗೊಮ್ಮೆ ವರ್ಗವಾಗಿ ಹೋಗುತ್ತಾರೆ, ರೈಟರು ಅಲ್ಲೇ ಇರುತ್ತಾನೆ. ಒಬ್ಬರು ಬಂದು ಮರಗಸಿ (ನೆರಳಿನ ಮರದ ಕೊಂಬೆ ಕಡಿಯುವುದು) ಹೆಚ್ಚಾಯಿತು, ನೆರಳು ಬೇಕು ಎಂದರೆ, ಮುಂದಿನವರು ಬಂದು ಬೆಳಕೇ ಸಾಲದು ಎಂದು ಅದೇ ಮರಗಳನ್ನು ಬೋಳಿಸುತ್ತಾರೆ. ಇಬ್ಬರ ಆದೇಶವನ್ನೂ ದಾಖಲೆಗೆ ಬರೆಯುವವನು ನಾನೇ, ಇಳುವರಿ ಕುಸಿದಾಗ ಹಳೆಯ ಪುಸ್ತಕ ತೆಗೆದು ವಿವರಣೆ ಕೊಡಬೇಕಾದವನೂ ನಾನೇ. ಗೊಬ್ಬರದ ಗೋದಾಮು, ಡೀಸೆಲ್, ಕಣದಲ್ಲಿ ಒಣಗುವ ಕಾಫಿ ಇವುಗಳ ತೂಕದಲ್ಲಿ ಒಂದು ಚೀಲ ಏರುಪೇರಾದರೆ ಮೊದಲ ಸಂಶಯ ಬರುವುದು ಆಫೀಸಿನವರ ಮೇಲೆ. ತೇವಾಂಶ ಇಳಿದಂತೆ ತೂಕ ಇಳಿಯುತ್ತದೆ ಎಂಬ ಸಣ್ಣ ಸಂಗತಿಯನ್ನು ಪ್ರತಿ ಹೊಸ ಆಡಿಟರಿಗೂ ಹೊಸದಾಗಿ ವಿವರಿಸಬೇಕಾಗುತ್ತಿತ್ತು.

ಮನೆಯ ವಿಷಯವನ್ನು ಬೇರೆಯಾಗಿ ಬರೆಯಬೇಕು, ಅದು ದೊಡ್ಡದು.

ಕಣದ ಲೆಕ್ಕ, ಕುಶಾಲನಗರ

ನಾನು ಕ್ಯೂರಿಂಗ್ ವರ್ಕ್ಸ್ ಒಂದರ, ಅಂದರೆ ಕಾಫಿಯ ಸಿಪ್ಪೆ ತೆಗೆದು ಬೀಜ ವಿಂಗಡಿಸುವ ಕಾರ್ಖಾನೆಯ ಆಫೀಸಿನಲ್ಲಿದ್ದೇನೆ. ನಮ್ಮದು ತೋಟವಲ್ಲ, ಆದರೆ ಕಾಫಿಯೇ. ಹಿಡಿಸಿದ್ದು: ಬಸ್ಸಿಗೆ ಹತ್ತಿರ, ಭಾನುವಾರ ರಜೆ, ಸಂಜೆ ಮನೆಗೆ ಹೋಗಬಹುದು. ಹಿಡಿಸದ್ದು: ಕೆಲಸವೆಲ್ಲ ಜನವರಿಯಿಂದ ಮಳೆ ಶುರುವಾಗುವವರೆಗೆ ಒಟ್ಟಿಗೆ ಬಂದು ಬೀಳುತ್ತದೆ, ಆಮೇಲೆ ಬೀಜ ಹೆಕ್ಕುವ ಹೆಂಗಸರಲ್ಲಿ ಬಹಳಷ್ಟು ಮಂದಿಗೆ ಕೆಲಸವೇ ಇರುವುದಿಲ್ಲ. ಹಲ್ಲಿಂಗ್ ಯಂತ್ರದ ಧೂಳಿಗೆ ಮುಖಗವಸು ಕೊಡುತ್ತಾರೆ, ಆದರೆ ಬೇಸಿಗೆಯಲ್ಲಿ ಅದನ್ನು ಕಟ್ಟಿಕೊಂಡು ಇಡೀ ದಿನ ದುಡಿಯುವುದು ಆಗದ ಮಾತು. ನಮ್ಮ ಕಂಪನಿಯಲ್ಲಿ ಗ್ರೇಡಿಂಗ್‌ಗೆ ಬಣ್ಣ ಗುರುತಿಸುವ ಯಂತ್ರ ಬಂದ ಮೇಲೆ ಹೆಕ್ಕುವವರ ಸಂಖ್ಯೆಯೂ ಇಳಿದಿದೆ.

ನಿರ್ವಾಹಕ

ಚರ್ಚೆ ಚೆನ್ನಾಗಿ ಸಾಗುತ್ತಿದೆ. ದಯವಿಟ್ಟು ಯಾವುದೇ ಕಂಪನಿಯ, ತೋಟದ, ಅಧಿಕಾರಿಯ ಹೆಸರನ್ನು ಬರೆಯಬೇಡಿ. ಕೊಡಗು ಚಿಕ್ಕದು, ಯಾವ ತೋಟ ಎಂದು ಊಹಿಸುವಷ್ಟು ಗುರುತುಗಳನ್ನೂ ಕೊಡಬೇಡಿ.

ಹಾಜರಿ ಮೇಸ್ತ್ರಿ, ಸಿದ್ದಾಪುರ

ರೈಟರ್ ಸಾರ್ ಹೇಳಿದ ಸಂಬಳದ ಮಾತು ಸತ್ಯ, ಆದರೆ ಅರ್ಧ ಸತ್ಯ. ಆಫೀಸಿನವರಿಗೆ ಸಂಬಳ ತಪ್ಪದೆ ಬಂದ ಅದೇ ವರ್ಷಗಳಲ್ಲಿ ಕೆಳಗೆ ಏನಾಯಿತು? ನಿವೃತ್ತರಾದ, ಬಿಟ್ಟುಹೋದ ಕಾಯಂ ಕೆಲಸಗಾರರ ಜಾಗಕ್ಕೆ ಕಾಯಂ ಜನರನ್ನು ತೆಗೆದುಕೊಳ್ಳುವುದು ನಿಂತಿತು. ಮೊದಲು ತಾತ್ಕಾಲಿಕ, ಆಮೇಲೆ ಗುತ್ತಿಗೆ, ಈಗ ಅಸ್ಸಾಂ, ಬಂಗಾಳ, ಜಾರ್ಖಂಡ್ ಕಡೆಯಿಂದ ಬರುವವರ ತಂಡ. ಅವರ ಮೇಲೆ ನನಗೆ ಯಾವ ಕೋಪವೂ ಇಲ್ಲ, ಅವರಿಲ್ಲದಿದ್ದರೆ ಹಣ್ಣು ಗಿಡದಲ್ಲೇ ಒಣಗುತ್ತದೆ. ಆದರೆ ಒಂದೇ ಸಾಲಿನಲ್ಲಿ ಒಂದೇ ಗಿಡದ ಎರಡು ಬದಿಯಲ್ಲಿ ಕೊಯ್ಯುವ ಇಬ್ಬರಲ್ಲಿ ಒಬ್ಬರಿಗೆ ಪಿಎಫ್, ಬೋನಸ್, ರಜೆ ಸಂಬಳ ಇದ್ದು, ಇನ್ನೊಬ್ಬರಿಗೆ ಸಿಗುವುದು ಗುತ್ತಿಗೆದಾರ ಕೊಟ್ಟಷ್ಟು ಮಾತ್ರ ಎಂದಾಗ, ಅವರಿಬ್ಬರಿಗೂ ಹಾಜರಿ ಕೂಗುವ ನನಗೆ ಇರುಸುಮುರುಸಾಗುತ್ತದೆ.

ಆನೆಯ ವಿಷಯ ಯಾರೂ ಎತ್ತಲಿಲ್ಲ, ಆದ್ದರಿಂದ ನಾನು ಎತ್ತುತ್ತೇನೆ. ನೆಲ್ಯಹುದಿಕೇರಿ, ಮಾಲ್ದಾರೆ, ಸಿದ್ದಾಪುರದ ಸುತ್ತ ಆನೆಗಳು ಕಾಡಿನಿಂದ ಬಂದು ಹೋಗುವ ಅತಿಥಿಗಳಾಗಿ ಉಳಿದಿಲ್ಲ. ತೋಟದ ಒಳಗೇ ಇರುತ್ತವೆ, ಅಲ್ಲೇ ಮರಿ ಹಾಕುತ್ತವೆ, ಹಲಸಿನ ಕಾಲದಲ್ಲಿ ಲೈನ್‌ಮನೆಯ (ಕೆಲಸಗಾರರ ಸಾಲುಮನೆಯ) ಅಂಗಳಕ್ಕೂ ಬರುತ್ತವೆ. ಅರಣ್ಯ ಇಲಾಖೆಯವರು ಮೊಬೈಲಿಗೆ ಸಂದೇಶ ಕಳಿಸುತ್ತಾರೆ, ನಾವು ಹಾಜರಿಗೆ ಮೊದಲು ಆನೆ ಎಲ್ಲಿದೆ ಎಂದು ವಿಚಾರಿಸಿ ಆ ಬ್ಲಾಕನ್ನು ಬಿಟ್ಟು ಬೇರೆ ಬ್ಲಾಕಿಗೆ ಜನ ಕಳಿಸುತ್ತೇವೆ. ಇಷ್ಟಾದರೂ ತಗ್ಗಿನಲ್ಲಿ, ಮಂಜು ಮುಸುಕಿದ ಬೆಳಗ್ಗೆ, ರೋಬಸ್ಟಾ ಗಿಡಗಳ ನಡುವೆ ಹತ್ತು ಅಡಿ ಆಚೆ ನಿಂತ ಆನೆ ಕಾಣಿಸುವುದಿಲ್ಲ. ಜೀವ ಕಳೆದುಕೊಂಡವರಲ್ಲಿ ಹೆಚ್ಚಿನವರು ಕೆಲಸಕ್ಕೆ ನಡೆದು ಹೋಗುವಾಗ, ಇಲ್ಲವೇ ಕೆಲಸ ಮುಗಿಸಿ ಬರುವಾಗ ಸಿಕ್ಕಿಕೊಂಡವರು. ನಮ್ಮ ಕಂಪನಿಯಲ್ಲಿ ಈಗ ಲೈನಿನಿಂದ ದೂರದ ಬ್ಲಾಕಿಗೆ ಟ್ರ್ಯಾಕ್ಟರಿನಲ್ಲಿ ಕರೆದುಕೊಂಡು ಹೋಗುತ್ತಾರೆ. ಇದು ನನಗೆ ನಿಜವಾಗಿಯೂ ಹಿಡಿಸಿದ ಸಂಗತಿ, ಸಂಘದವರು ಕೇಳಿ ಕೇಳಿ ಬಂದದ್ದು.

ಕಾಫಿಹೂ ಮೇಡಂ, ನೀವು ಬರುವ ತೋಟ ಆನೆ ಇರುವ ಕಡೆಯೇ ಎಂದು ಕೇಳಿ ತಿಳಿದುಕೊಳ್ಳಿ. ಸ್ಕೂಟರಿನಲ್ಲಿ ಸುತ್ತುವ ಕೆಲಸವೋ, ಜೀಪು ಕೊಡುತ್ತಾರೋ ಎಂಬುದು ಸಂಬಳಕ್ಕಿಂತ ಮುಖ್ಯವಾದ ಪ್ರಶ್ನೆ.

ಬಂಗಲೆ ಬೇಲಿ

ಒಂದು ತೋಟದ ಮ್ಯಾನೇಜರ್ ನಾನು. ಮೇಸ್ತ್ರಿಯವರು ಹೇಳಿದ್ದನ್ನು ಅಲ್ಲಗಳೆಯುವುದಿಲ್ಲ, ಆದರೆ ಇನ್ನೊಂದು ಬದಿಯೂ ಇದೆ. 1951ರ ತೋಟ ಕಾರ್ಮಿಕರ ಕಾಯ್ದೆ ಮನೆ, ಆಸ್ಪತ್ರೆ, ಶಿಶುವಿಹಾರ, ಕುಡಿಯುವ ನೀರು, ಕಂಬಳಿ, ಮಳೆಗೆ ಹೊದಿಕೆ ಎಲ್ಲವನ್ನೂ ತೋಟದ ಮಾಲೀಕನ ಹೆಗಲಿಗೆ ಹಾಕಿತು. ಪಟ್ಟಣದ ಕಾರ್ಖಾನೆಯವನು ಕೂಲಿ ಕೊಟ್ಟು ಕೈತೊಳೆದುಕೊಳ್ಳುತ್ತಾನೆ, ನಾವು ಮನೆಯ ಹೆಂಚನ್ನೂ ಬದಲಿಸಿ ಕೊಡಬೇಕು. ಕಂಪನಿ ತೋಟಗಳು ಇವನ್ನು ಹೆಚ್ಚು ಕಡಿಮೆ ಪಾಲಿಸುತ್ತವೆ, ತಪಾಸಣೆಗೆ ಬರುವವರು ಮೊದಲು ಬರುವುದೂ ನಮ್ಮಲ್ಲಿಗೇ. ರೈನ್‌ಫಾರೆಸ್ಟ್ ಅಲಯನ್ಸ್‌ನಂಥ ಪ್ರಮಾಣಪತ್ರಗಳು ಬಂದ ಮೇಲೆ ಔಷಧಿ ಸಿಂಪಡಿಸುವವರಿಗೆ ಕೈಗವಸು, ಬೂಟು, ಬ್ಲಾಕಿನ ಹತ್ತಿರ ಶೌಚಾಲಯ ಇವೆಲ್ಲ ಕಡ್ಡಾಯವಾದವು. ಅದರ ಜೊತೆಗೆ ಕಾಗದದ ಹೊರೆಯೂ ಬಂದಿತು. ಬೂಟು ಕೊಟ್ಟರೆ ಸಾಲದು, ಕೊಟ್ಟದ್ದಕ್ಕೆ ಸಹಿ, ಹಾಕಿಕೊಳ್ಳಲು ತರಬೇತಿ ಕೊಟ್ಟದ್ದಕ್ಕೆ ಸಹಿ, ತರಬೇತಿಯ ಫೋಟೊ.

ನನಗೆ ಹಿಡಿಸಿದ್ದು ಕೆಲಸವೇ. ರೋಬಸ್ಟಾ ಬ್ಲಾಕಿಗೆ ಸ್ಪ್ರಿಂಕ್ಲರ್ ನೀರು ಕೊಟ್ಟು, ಒಂದು ವಾರ ಕಳೆದ ಮೇಲೆ ಬೆಟ್ಟವೆಲ್ಲ ಬೆಳ್ಳಗಾಗುವುದನ್ನು ಎಷ್ಟು ವರ್ಷ ನೋಡಿದರೂ ಸಾಕೆನಿಸಿಲ್ಲ. ಹಿಡಿಸದ್ದು ಎರಡು. ಮೊದಲನೆಯದು, ಬೆಂಗಳೂರಿನಲ್ಲಿ ಕುಳಿತವರು ಹಾಕುವ ಗುರಿ. ಹೂಮಳೆ ಹದಿನೈದು ದಿನ ತಡವಾದರೆ ಇಳುವರಿ ಏನಾಗುತ್ತದೆ ಎಂಬುದು ಅವರ ಲೆಕ್ಕಪಟ್ಟಿಯಲ್ಲಿ ಇರುವುದಿಲ್ಲ. ಎರಡನೆಯದು, ಸಂಸಾರ. ಹೊರಗಿನವರಿಗೆ ಬಂಗಲೆ, ತೋಟ, ಮಾಲಿ, ಅಡುಗೆಯವರು ಕಾಣುತ್ತಾರೆ. ಮಕ್ಕಳು ನಾಲ್ಕನೇ ತರಗತಿ ದಾಟಿದರೆ ಮೈಸೂರಿಗೋ ಊಟಿಗೋ ಹಾಸ್ಟೆಲಿಗೆ ಹೋಗುವುದು, ಓದಿದ ಹೆಂಡತಿ ತನ್ನ ನೌಕರಿ ಬಿಟ್ಟು ಮಳೆಗಾಲದ ನಾಲ್ಕು ತಿಂಗಳು ಆ ದೊಡ್ಡ ಮನೆಯಲ್ಲಿ ಒಬ್ಬಳೇ ಕುಳಿತಿರುವುದು ಕಾಣುವುದಿಲ್ಲ. ಮರ ಬಿದ್ದು ವಿದ್ಯುತ್ ಹೋದರೆ ಮೂರು ದಿನ ಫೋನೂ ಇರುವುದಿಲ್ಲ. ನನ್ನ ಜೊತೆ ಸೇರಿದವರಲ್ಲಿ ಕೆಲಸ ಬಿಟ್ಟವರು ಹೆಚ್ಚಾಗಿ ಈ ಕಾರಣಕ್ಕೇ ಬಿಟ್ಟರು, ಸಂಬಳಕ್ಕಲ್ಲ.

ಹಾಜರಿ ಮೇಸ್ತ್ರಿ, ಸಿದ್ದಾಪುರ

ಸಾರ್, ಒಂದು ಪ್ರಶ್ನೆ. 2024ರಲ್ಲಿ ರೋಬಸ್ಟಾ ಚೆರ್ರಿ (ಸಿಪ್ಪೆ ಸಮೇತ ಒಣಗಿಸಿದ ಕಾಫಿ) 50 ಕಿಲೋ ಚೀಲಕ್ಕೆ ಹತ್ತು ಸಾವಿರ ರೂಪಾಯಿ ದಾಟಿತು. ನಾವು ಯಾರೂ ಕನಸಿನಲ್ಲೂ ಕಾಣದ ಬೆಲೆ ಅದು. ಬೆಲೆ ಬಿದ್ದಾಗ ಬೋನಸ್ ಕನಿಷ್ಠಕ್ಕೆ ಇಳಿಯುತ್ತದೆ ಎಂದು ರೈಟರ್ ಸಾರ್ ಬರೆದಿದ್ದಾರೆ. ಏರಿದಾಗ ಕಾನೂನಿನ ಗರಿಷ್ಠ ಶೇಕಡಾ 20ರ ಹತ್ತಿರವಾದರೂ ಹೋಗಬೇಕಿತ್ತಲ್ಲವೇ?

ಬಂಗಲೆ ಬೇಲಿ

ನ್ಯಾಯವಾದ ಪ್ರಶ್ನೆ. ದೊಡ್ಡ ಕಂಪನಿಗಳಲ್ಲಿ ಬಹುಪಾಲು ಬೆಳೆಯನ್ನು ಮುಂಗಡ ಒಪ್ಪಂದದಲ್ಲಿ ಮಾರಿರುತ್ತಾರೆ, ಹಾಗಾಗಿ ಪತ್ರಿಕೆಯಲ್ಲಿ ಕಾಣುವ ಬೆಲೆ ಪೂರ್ತಿಯಾಗಿ ಲೆಕ್ಕಕ್ಕೆ ಬರುವುದಿಲ್ಲ ಎಂದು ನಮಗೆ ಮೇಲಿನಿಂದ ಹೇಳಿದರು. ಅದು ಸುಳ್ಳಲ್ಲ. ಆದರೆ ಆ ವಿವರಣೆಯನ್ನು ಹಾಜರಿಗೆ ನಿಂತ ಜನರ ಮುಂದೆ ಹೇಳುವ ಕೆಲಸ ನನ್ನದಾಗಿತ್ತು, ಮತ್ತು ಅದನ್ನು ಹೇಳುವಾಗ ನನಗೇ ಅದು ಸಾಲದೆನಿಸಿತು.

ಲೈನ್‌ಮನೆ ಮೇಷ್ಟ್ರು

ಇಲ್ಲಿಯವರೆಗೆ ಬಂದ ಮಾತುಗಳಲ್ಲಿ ಎಲ್ಲರೂ ಮನೆಯನ್ನು ಸೌಲಭ್ಯಗಳ ಪಟ್ಟಿಯಲ್ಲಿ ಸೇರಿಸಿದ್ದಾರೆ. ನಾನು ಹುಟ್ಟಿದ್ದು ಲೈನ್‌ಮನೆಯಲ್ಲಿ, ತಂದೆ ತಾಯಿ ಇಬ್ಬರೂ ಕಂಪನಿ ತೋಟದ ಕಾಯಂ ಕೆಲಸಗಾರರು, ಈಗ ನಾನು ಸರ್ಕಾರಿ ಶಾಲೆಯ ಶಿಕ್ಷಕ. ಮನೆಯ ಬಗ್ಗೆ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ, ಏಕೆಂದರೆ ತೋಟದ ಕಂಪನಿಯ ಕೆಲಸದಲ್ಲಿ ಹಿಡಿಸುವುದೂ ಹಿಡಿಸದಿರುವುದೂ ಕೊನೆಗೆ ಅಲ್ಲಿಗೇ ಬಂದು ಸೇರುತ್ತದೆ ಎಂದು ನಾನು ತಿಳಿದಿದ್ದೇನೆ.

ಒಳ್ಳೆಯದನ್ನು ಮರೆಯುವುದಿಲ್ಲ. ನಮ್ಮ ತೋಟದಲ್ಲಿ ಶಿಶುವಿಹಾರವಿತ್ತು. ಐವತ್ತು ಅಥವಾ ಹೆಚ್ಚು ಹೆಂಗಸರು ದುಡಿಯುವ ತೋಟದಲ್ಲಿ ಅದು ಇರಬೇಕೆಂದು 1951ರ ಆ ಕಾಯ್ದೆಯಲ್ಲಿತ್ತು. ಅಮ್ಮ ಹಣ್ಣು ಕೊಯ್ಯುವಾಗ ನಾವು ಅಲ್ಲಿ ಗಂಜಿ ಕುಡಿದು ಮಲಗುತ್ತಿದ್ದೆವು. ಜ್ವರ ಬಂದರೆ ಡಿಸ್ಪೆನ್ಸರಿ, ಹೆಚ್ಚಾದರೆ ಕಂಪನಿಯ ಗಾಡಿ. ಕನ್ನಡ, ತಮಿಳು, ಮಲಯಾಳ, ತುಳು, ಎರವ ಭಾಷೆ ಒಂದೇ ಸಾಲಿನಲ್ಲಿ ಕೇಳಿಸುತ್ತಿದ್ದ ಆ ಲೈನಿನಲ್ಲಿ ಬೆಳೆದದ್ದಕ್ಕೆ ನನಗೆ ಬೇಸರವಿಲ್ಲ.

ಆದರೆ ಆ ಮನೆ ಕೆಲಸದ ಬಾಲದಲ್ಲಿ ಕಟ್ಟಿದ್ದು. ಅಪ್ಪನಿಗೆ ಮೇಸ್ತ್ರಿಯೊಂದಿಗೆ ಮಾತು ಬೆಳೆದ ದಿನ ಅಮ್ಮನಿಗೆ ಹೆದರಿಕೆ ಆಗುತ್ತಿದ್ದದ್ದು ಕೂಲಿಯ ಬಗ್ಗೆ ಅಲ್ಲ, ಮನೆಯ ಬಗ್ಗೆ. ಕೂಲಿ ಹೋದರೆ ಇನ್ನೊಂದು ತೋಟದಲ್ಲಿ ಸಿಗುತ್ತದೆ. ಮನೆ ಹೋದರೆ ಪಾತ್ರೆ, ಕೋಳಿ, ಮಕ್ಕಳ ಶಾಲೆ ಎಲ್ಲವೂ ಒಂದೇ ದಿನ ರಸ್ತೆಗೆ ಬರುತ್ತದೆ. ಹೀಗಾಗಿ ಎಷ್ಟೋ ದೂರುಗಳು ಬಾಯಿಂದ ಹೊರಗೆ ಬರಲೇ ಇಲ್ಲ. ಮ್ಯಾನೇಜರ್ ಸಾಹೇಬರು ಮನೆಯನ್ನು ಕಂಪನಿಯ ಹೊರೆ ಎಂದು ಬರೆದಿದ್ದಾರೆ. ಹೊರೆ ಹೌದು, ಆದರೆ ಆ ಹೊರೆಯಿಂದ ಕಂಪನಿಗೆ ಬರುವ ಲಾಭ ಯಾವ ಲೆಕ್ಕಪಟ್ಟಿಯಲ್ಲೂ ಕಾಣುವುದಿಲ್ಲ: ಬೆಳಗ್ಗೆ ಎಂಟಕ್ಕೆ ಹಾಜರಿಗೆ ಬರುವ ದೂರದಲ್ಲಿ ಜನ ಇರುತ್ತಾರೆ, ಬಿಟ್ಟು ಹೋಗುವ ಧೈರ್ಯ ಮಾಡುವುದಿಲ್ಲ.

ಕಾನೂನಿನ ಒಂದು ಅಂಶವನ್ನೂ ಹೇಳಬೇಕು. ತೋಟದ ಮಾಲೀಕ ಕೊಟ್ಟ ಮನೆ ಕುಸಿದು ಕೆಲಸಗಾರರು ಸತ್ತರೆ ಅಥವಾ ಗಾಯಗೊಂಡರೆ ಮಾಲೀಕನೇ ಪರಿಹಾರ ಕೊಡಬೇಕೆಂದು 1981ರಲ್ಲಿ ಆ ಕಾಯ್ದೆಗೆ ತಿದ್ದುಪಡಿ ಬಂದಿತು. ಆದರೆ ಕುಸಿತಕ್ಕೆ ಪ್ರಕೃತಿ ವಿಕೋಪವೊಂದೇ ನೇರ ಕಾರಣವಾಗಿದ್ದರೆ ಆ ಹೊಣೆ ಇಲ್ಲ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡಗಳು ಜಾರಿದ್ದನ್ನು ಕಂಡ ಮೇಲೆ, ಗುಡ್ಡದ ಬುಡದಲ್ಲಿ ಮಣ್ಣು ಕಡಿದು ಕಟ್ಟಿದ ಹಳೆಯ ಲೈನುಗಳನ್ನು ನೋಡುವಾಗಲೆಲ್ಲ ಆ ಸಾಲು ನನಗೆ ನೆನಪಾಗುತ್ತದೆ. ಮನೆ ಎಲ್ಲಿ ಕಟ್ಟಬೇಕೆಂದು ತೀರ್ಮಾನಿಸಿದವರು ಅಲ್ಲಿ ವಾಸಿಸುವವರಲ್ಲ.

ಇನ್ನೊಂದು: 2016ರ ಡಿಸೆಂಬರಿನಲ್ಲಿ ಮಾಲ್ದಾರೆ ಬಳಿಯ ದಿಡ್ಡಳ್ಳಿಯಲ್ಲಿ ಅರಣ್ಯ ಇಲಾಖೆ ಐನೂರಕ್ಕೂ ಹೆಚ್ಚು ಆದಿವಾಸಿ ಗುಡಿಸಲುಗಳನ್ನು ತೆರವುಗೊಳಿಸಿತು. ಅಲ್ಲಿಗೆ ಬಂದು ಗುಡಿಸಲು ಹಾಕಿದವರಲ್ಲಿ ಬಹಳ ಮಂದಿ ಅದಕ್ಕೆ ಮೊದಲು ತೋಟಗಳ ಲೈನ್‌ಮನೆಗಳಲ್ಲಿ ಇದ್ದವರು. ಅವರಿಗೆ ಆಮೇಲೆ ಬಸವನಹಳ್ಳಿ, ಬ್ಯಾಡಗೊಟ್ಟದಲ್ಲಿ ಮನೆ ಕಟ್ಟಿಸಿಕೊಡಲಾಯಿತು. ಸೂರು, ನೀರು, ಕೂಲಿ ಎಲ್ಲವೂ ಇದ್ದ ಲೈನನ್ನು ಬಿಟ್ಟು ಕಾಡಿನಂಚಿನಲ್ಲಿ ಪ್ಲಾಸ್ಟಿಕ್ ಹೊದಿಸಿದ ಗುಡಿಸಲಿಗೆ ಜನ ಏಕೆ ಹೋದರು ಎಂಬುದನ್ನು ಕಂಪನಿಯವರಾಗಲಿ, ಖಾಸಗಿ ಬೆಳೆಗಾರರಾಗಲಿ ತಣ್ಣಗೆ ಕುಳಿತು ಯೋಚಿಸಿದಂತೆ ಕಾಣುವುದಿಲ್ಲ.

ನಿವೃತ್ತ ರೈಟರು, ಸುಂಟಿಕೊಪ್ಪ

ಮೇಷ್ಟ್ರು ಬರೆದದ್ದು ಲೈನಿನ ಮನೆಯ ಬಗ್ಗೆ. ಸ್ಟಾಫ್ ಕ್ವಾರ್ಟರ್ಸ್‌ನ ಕಥೆಯೂ ಬೇರೆಯಲ್ಲ, ಗೋಡೆಗೆ ಸುಣ್ಣದ ಬದಲು ಪೇಂಟ್ ಇರುತ್ತದೆ ಅಷ್ಟೇ. ಇಡೀ ಸೇವೆಯಲ್ಲಿ ಬಾಡಿಗೆ ಕಟ್ಟದೆ ಬದುಕಿದವನಿಗೆ ಬಾಡಿಗೆ ಎಂದರೇನು ಎಂಬುದು 58ಕ್ಕೆ ತಿಳಿಯುತ್ತದೆ. ನಿವೃತ್ತಿಯ ಹೊತ್ತಿಗೆ ಮಡಿಕೇರಿ, ಕುಶಾಲನಗರ, ಸುಂಟಿಕೊಪ್ಪದಲ್ಲಿ ಹೋಂಸ್ಟೇಗಳ ಭರಾಟೆಯಿಂದ ನಿವೇಶನದ ಬೆಲೆ ಎಲ್ಲಿಗೋ ಹೋಗಿತ್ತು.

ಒಂದು ಲೆಕ್ಕ ನೋಡಿ. ಕೊನೆಯ ಮೂಲ ವೇತನ ಮತ್ತು ತುಟ್ಟಿಭತ್ಯೆ ಸೇರಿ 26,000 ರೂಪಾಯಿ ಇರುವವನಿಗೆ, ವರ್ಷಕ್ಕೆ 15 ದಿನದ ಸಂಬಳದಂತೆ, 30 ವರ್ಷದ ಸೇವೆಗೆ ಗ್ರಾಚ್ಯುಟಿ ಬರುವುದು ನಾಲ್ಕೂವರೆ ಲಕ್ಷ. ಪಿಎಫ್ ಪಿಂಚಣಿಗೆ ಲೆಕ್ಕ ಹಿಡಿಯುವ ಸಂಬಳದ ಮಿತಿ 15,000 ಇರುವುದರಿಂದ, ಅದೇ 30 ವರ್ಷಕ್ಕೆ ತಿಂಗಳ ಪಿಂಚಣಿ ಏಳು ಸಾವಿರವನ್ನೂ ಮುಟ್ಟುವುದಿಲ್ಲ. ಇದರಲ್ಲಿ ಮನೆ ಕಟ್ಟಿ, ಮಗಳ ಮದುವೆ ಮಾಡಿ, ಔಷಧಿ ಕೊಳ್ಳಬೇಕು. ನನ್ನ ಜೊತೆಯವರಲ್ಲಿ ಕೆಲವರು ಗ್ರಾಚ್ಯುಟಿ ಚೆಕ್ಕಿಗಾಗಿ ಕ್ವಾರ್ಟರ್ಸ್ ಬೀಗದ ಕೈ ಹಿಡಿದು ಆಫೀಸಿನ ಮುಂದೆ ನಿಂತರು, ಕೆಲವರು ಚೆಕ್ಕು ಕೈಗೆ ಬರುವವರೆಗೆ ಬೀಗದ ಕೈ ಕೊಡುವುದಿಲ್ಲ ಎಂದು ಕುಳಿತರು. ಬಾಕಿಯಾದ 30 ದಿನದೊಳಗೆ ಗ್ರಾಚ್ಯುಟಿ ಕೊಡಬೇಕು, ತಡವಾದರೆ ಬಡ್ಡಿ ಸೇರಿಸಬೇಕು ಎಂದು ಕಾನೂನಿದೆ. ಆದರೂ ಎರಡು ಕಡೆಯವರೂ ಮನೆಯನ್ನೇ ಒತ್ತೆ ಇಟ್ಟುಕೊಂಡು ಮಾತನಾಡುವುದು ವಾಡಿಕೆಯಾಗಿಬಿಟ್ಟಿದೆ.

ಬಂಗಲೆ ಬೇಲಿ

ಮನೆ ಬಿಡದಿದ್ದರೆ ಹೊಸದಾಗಿ ಸೇರಿದವರನ್ನು ಎಲ್ಲಿ ಇರಿಸುವುದು? ಒಂದು ಲೈನಿನಲ್ಲಿ ಅರ್ಧ ಮನೆಗಳಲ್ಲಿ ನಿವೃತ್ತರೂ ಅವರ ಮಕ್ಕಳೂ ಇದ್ದಾರೆ, ಮಕ್ಕಳು ಕುಶಾಲನಗರದಲ್ಲಿ ಆಟೋ ಓಡಿಸುತ್ತಾರೆ, ಮನೆ ಮಾತ್ರ ತೋಟದ್ದು. ಇದಕ್ಕೆ ಕಂಪನಿಯೊಂದೇ ಉತ್ತರ ಕೊಡಲಾಗದು. ತೋಟದ ಜಮೀನನ್ನು ನಿವೇಶನ ಮಾಡಿ ಹಂಚುವುದಕ್ಕೆ ಭೂಸುಧಾರಣಾ ಕಾನೂನೂ ಅಷ್ಟು ಸುಲಭವಾಗಿ ಬಿಡುವುದಿಲ್ಲ.

ಲೈನ್‌ಮನೆ ಮೇಷ್ಟ್ರು

ಆ ಕಷ್ಟ ನನಗೆ ಅರ್ಥವಾಗುತ್ತದೆ ಸಾಹೇಬರೇ. ಆದರೆ ಸೇವೆಯಲ್ಲಿರುವಾಗಲೇ ಹೊರಗೆ ಮನೆ ಕಟ್ಟಿಕೊಳ್ಳಲು ಸಾಲ ಕೊಟ್ಟು, ಹಾಗೆ ಹೋದವರಿಗೆ ಮನೆ ಬಾಡಿಗೆ ಭತ್ಯೆ ಕೊಡಲು ಯಾವ ಕಾನೂನೂ ಅಡ್ಡ ಬರುವುದಿಲ್ಲ. ನಮ್ಮ ಅಪ್ಪ ಅಂಥದ್ದನ್ನು ಕೇಳಿದಾಗ, ತೋಟದಲ್ಲಿ ಮನೆ ಇರುವಾಗ ಭತ್ಯೆ ಏಕೆ ಎಂಬ ಉತ್ತರ ಬಂದಿತ್ತು.

ಎರಡನೇ ಪಾಳಿ, ಮಡಿಕೇರಿ

ರೆಸಾರ್ಟ್ ಕಂಪನಿಯಲ್ಲಿರುವ ನನ್ನದೂ ಒಂದು ಮಾತು. ನಮಗೂ ವಸತಿ ಇದೆ, ಒಂದು ಕೋಣೆಗೆ ನಾಲ್ಕು ಮಂದಿ. ಹುತ್ತರಿ, ಕೈಲ್‌ಪೊಳ್ದ್, ಕ್ರಿಸ್‌ಮಸ್, ಯಾವ ಹಬ್ಬಕ್ಕೂ ರಜೆ ಸಿಗುವುದಿಲ್ಲ, ಏಕೆಂದರೆ ಅತಿಥಿಗಳು ಬರುವುದೇ ಆಗ. 2018ರ ಮಳೆಯ ನಂತರ ತಿಂಗಳುಗಟ್ಟಲೆ ಪ್ರವಾಸಿಗರು ಬರಲಿಲ್ಲ, ಮೊದಲು ಮನೆಗೆ ಕಳಿಸಿದ್ದು ನಮ್ಮನ್ನು. ತೋಟದವರಿಗೆ ಆ ಕಾಲದಲ್ಲೂ ಕೆಲಸವಿತ್ತು.

ಕಾಫಿಹೂ, ಕುಶಾಲನಗರ

ಇಷ್ಟು ವಿವರವಾಗಿ ಬರೆದ ಎಲ್ಲರಿಗೂ ಕೃತಜ್ಞತೆಗಳು. ನನ್ನ ಪತ್ರವನ್ನು ಮತ್ತೆ ತೆರೆದು ನೋಡಿದೆ. ಮೂಲ ವೇತನ ಒಟ್ಟು ಮೊತ್ತದ ಮೂರನೇ ಒಂದು ಭಾಗದಷ್ಟೇ ಇದೆ, ಉಳಿದದ್ದು ಬೇರೆ ಬೇರೆ ಭತ್ಯೆಗಳು. ಹುದ್ದೆ ಮೂರು ವರ್ಷದ ನಿಗದಿತ ಅವಧಿಯದು, ಆಮೇಲೆ ಕಾಯಂ ಮಾಡುವ ಬಗ್ಗೆ ಪರಿಶೀಲಿಸಲಾಗುವುದು ಎಂದಿದೆ. ಇದರಿಂದ ತೊಂದರೆ ಇದೆಯೇ? ಹೆಣ್ಣುಮಕ್ಕಳು ಈ ಹುದ್ದೆಯಲ್ಲಿ ಇದ್ದರೆ ಅವರ ಅನುಭವವನ್ನೂ ಕೇಳುವ ಆಸೆ.

ಕಣದ ಲೆಕ್ಕ, ಕುಶಾಲನಗರ

ನೀವು ಹೇಳಿದ ಎರಡನ್ನೂ ಆಫೀಸಿನಲ್ಲಿ ದಿನಾ ನೋಡುತ್ತೇನೆ. ಭತ್ಯೆಗಳನ್ನು ಹಿಗ್ಗಿಸಿ ಮೂಲ ವೇತನವನ್ನು ಕುಗ್ಗಿಸಿದರೆ ಪಿಎಫ್, ಗ್ರಾಚ್ಯುಟಿ, ರಜೆ ಹಣ ಎಲ್ಲವೂ ಕುಗ್ಗುತ್ತವೆ. ಹಾಗೆ ಬರೆಯುವುದರ ಉದ್ದೇಶವೂ ಅದೇ. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಹೊಸ ಕಾರ್ಮಿಕ ಸಂಹಿತೆಗಳಲ್ಲಿ, ಭತ್ಯೆಗಳು ಒಟ್ಟು ಮೊತ್ತದ ಅರ್ಧವನ್ನು ಮೀರಿದರೆ ಮೀರಿದ ಭಾಗವನ್ನು ವೇತನವೆಂದೇ ಲೆಕ್ಕ ಹಾಕಬೇಕೆಂದಿದೆ. ಆದ್ದರಿಂದ ಪತ್ರವನ್ನು ಹಳೆಯ ನಮೂನೆಯಲ್ಲೇ ಕಳಿಸಿದ್ದಾರೋ ಹೇಗೆ ಎಂದು ಕೇಳಿ. ನಿಗದಿತ ಅವಧಿಯ ನೌಕರರಿಗೆ ಗ್ರಾಚ್ಯುಟಿಗೆ ಐದು ವರ್ಷ ಕಾಯಬೇಕಾಗಿಲ್ಲ, ಒಂದು ವರ್ಷದ ಸೇವೆ ಸಾಕು ಎಂಬುದೂ ಅದೇ ಸಂಹಿತೆಯಲ್ಲಿದೆ. ಇದನ್ನು ಪತ್ರದಲ್ಲಿ ಒಂದು ಸಾಲಿನಲ್ಲಿ ಬರೆಸಿಕೊಳ್ಳಿ, ಬಾಯಿಮಾತಿನಲ್ಲಿ ಬಿಡಬೇಡಿ.

ಮಳೆಬೂಟು

ಕಾಫಿಹೂ, ನೀವು ಕೇಳಿದ ಹುದ್ದೆಯಲ್ಲೇ ನಾನಿದ್ದೇನೆ, ಇನ್ನೊಂದು ಕಂಪನಿಯಲ್ಲಿ. ಮೊದಲ ದಿನಗಳಲ್ಲಿ ಮೇಸ್ತ್ರಿಗಳು ನನ್ನ ಮಾತನ್ನು ಕೇಳಿ, ತಲೆಯಾಡಿಸಿ, ಹಿಂದೆ ನಿಂತ ರೈಟರಿಂದ ಖಾತ್ರಿ ಮಾಡಿಕೊಂಡು ಹೊರಡುತ್ತಿದ್ದರು. ಅದು ಬದಲಾದದ್ದು ಬೋರರ್ (ಕಾಂಡ ಕೊರೆಯುವ ಹುಳು) ಹಿಡಿದ ಅರೇಬಿಕಾ ಗಿಡಗಳನ್ನು ನಾನೇ ಅವರ ಮುಂದೆ ಗುರುತಿಸತೊಡಗಿದ ಮೇಲೆ. ಕಾಂಡದ ಮೇಲಿನ ಉಬ್ಬು ಗೆರೆಗಳನ್ನು ಓದಲು ಬಂದರೆ ಸಾಕು, ಆಮೇಲೆ ಯಾರೂ ಗಂಡು ಹೆಣ್ಣು ಎಂದು ನೋಡುವುದಿಲ್ಲ. ಹೆಂಗಸರ ಗುಂಪು ನನ್ನೊಂದಿಗೆ ಮಾತನಾಡುವಷ್ಟು ಸಲೀಸಾಗಿ ಹಿಂದಿನವರೊಂದಿಗೆ ಮಾತನಾಡುತ್ತಿರಲಿಲ್ಲ. ಬಸುರಿ ಎಂಬ ಸಂಗತಿಯನ್ನು ಔಷಧಿ ಸಿಂಪಡಿಸುವ ಬ್ಲಾಕಿಗೆ ಹೋಗುವ ಮೊದಲೇ ಹೇಳುತ್ತಾರೆ ಎಂಬುದು ಸಣ್ಣ ವಿಷಯವಲ್ಲ.

ಹಿಡಿಸದ್ದು: ಫೆಬ್ರವರಿ, ಮಾರ್ಚಿನಲ್ಲಿ ಸ್ಪ್ರಿಂಕ್ಲರ್ ಓಡುವಾಗ ರಾತ್ರಿ ಪಾಳಿ. ಪೈಪು ಬದಲಿಸುವ ಹೊತ್ತಿಗೆ ಅಧಿಕಾರಿ ಅಲ್ಲಿರಬೇಕು. ಇಡೀ ತೋಟದ ಅಧಿಕಾರಿಗಳಲ್ಲಿ ಹೆಣ್ಣು ನಾನೊಬ್ಬಳೇ ಆದ್ದರಿಂದ ಕ್ವಾರ್ಟರ್ಸ್ ದೂರ ಕೊಟ್ಟರು, ಸುರಕ್ಷತೆಗೆಂದು ಹೇಳಿ. ದೂರ ಇದ್ದದ್ದೇ ಅಸುರಕ್ಷಿತವಾಯಿತು. ಕೇಳಿ ಬದಲಿಸಿಕೊಂಡೆ. ಹತ್ತು ಅಥವಾ ಹೆಚ್ಚು ನೌಕರರಿರುವ ಕಡೆ ಲೈಂಗಿಕ ಕಿರುಕುಳದ ದೂರಿಗೆ ಆಂತರಿಕ ಸಮಿತಿ ಇರಲೇಬೇಕೆಂದು 2013ರ ಕಾಯ್ದೆ ಹೇಳುತ್ತದೆ. ಸಮಿತಿ ಬೆಂಗಳೂರಿನ ಕಚೇರಿಯಲ್ಲಿ ಮಾತ್ರ ಇದೆಯೋ, ನಿಮ್ಮ ತೋಟದ ಘಟಕಕ್ಕೂ ಇದೆಯೋ, ಅದರಲ್ಲಿರುವವರು ಯಾರು ಎಂಬುದನ್ನು ಸೇರುವ ಮೊದಲು ಕೇಳಿ. ಕೇಳಿದರೆ ಕೆಟ್ಟ ಹೆಸರು ಬರುತ್ತದೆ ಎಂಬ ಅಂಜಿಕೆ ಬೇಡ.

ಕಾಫಿಹೂ, ಕುಶಾಲನಗರ

ಕಂಪನಿಗೆ ಇಂದು ಬರೆದು ಕೇಳಿದ್ದೇನೆ: ಮೂಲ ವೇತನದ ಪ್ರಮಾಣ, ಒಂದು ವರ್ಷದ ಗ್ರಾಚ್ಯುಟಿಯ ಸಾಲು, ಕ್ವಾರ್ಟರ್ಸ್ ಎಲ್ಲಿದೆ ಎಂಬುದು, ಓಡಾಟಕ್ಕೆ ವಾಹನ, ಆಂತರಿಕ ಸಮಿತಿ. ಮೇಷ್ಟ್ರು ಬರೆದದ್ದನ್ನು ಓದಿದ ಮೇಲೆ ಇನ್ನೊಂದನ್ನೂ ಸೇರಿಸಿದೆ: ಕ್ವಾರ್ಟರ್ಸ್ ಬೇಡವೆಂದು ಗೋಣಿಕೊಪ್ಪಲಿನಲ್ಲಿ ಬಾಡಿಗೆಗೆ ಇದ್ದರೆ ಭತ್ಯೆ ಕೊಡುತ್ತಾರೆಯೇ ಎಂದು. ಉತ್ತರ ಸರಿಯಾಗಿ ಬಂದರೆ ಸೇರುತ್ತೇನೆ, ಮನೆಯಲ್ಲಿಯೂ ಒಪ್ಪಿದ್ದಾರೆ. ಯಾವ ತಿಂಗಳಲ್ಲಿ ಸೇರುವುದು ಒಳ್ಳೆಯದು? ಜೂನ್ ಅಥವಾ ಡಿಸೆಂಬರ್ ಎಂದು ಆಯ್ಕೆ ಕೊಟ್ಟಿದ್ದಾರೆ.

ಹಾಜರಿ ಮೇಸ್ತ್ರಿ, ಸಿದ್ದಾಪುರ

ಜೂನ್‌ನಲ್ಲೇ ಸೇರಿ ಮೇಡಂ. ಡಿಸೆಂಬರಿನಲ್ಲಿ ಕೊಯ್ಲಿನ ಗಡಿಬಿಡಿ ಶುರುವಾಗಿರುತ್ತದೆ, ತೂಕ, ಲಾರಿ, ಜನ ಎಂದು ಓಡುವುದರಲ್ಲಿ ಯಾರಿಗೂ ಕಲಿಸುವ ಪುರುಸೊತ್ತು ಇರುವುದಿಲ್ಲ. ಮಳೆಗಾಲದಲ್ಲಿ ಕೆಲಸ ನಿಧಾನ. ಚಿಗುರು ತೆಗೆಯುವವರ ಹಿಂದೆ ಸುತ್ತಿದರೆ ಬ್ಲಾಕುಗಳ ಗಡಿ, ಕಾಲುದಾರಿ, ಆನೆ ಇಳಿಯುವ ಜಾಗ, ಜನರ ಹೆಸರು ಎಲ್ಲವೂ ಕೊಯ್ಲಿಗೆ ಮೊದಲೇ ತಿಳಿಯುತ್ತದೆ. ಜಿಗಣೆಗೆ ಸುಣ್ಣವೂ ಹೊಗೆಸೊಪ್ಪೂ ಇಟ್ಟುಕೊಳ್ಳಿ, ಕಂಪನಿ ಅದನ್ನು ಕೊಡುವುದಿಲ್ಲ.